ಮೆಟ್ಟಿಲ ಮೇಲೆ ನಿಂತ ಸೆಕ್ರೆಟರಿ

ಡೆಟ್ರಾಯಿಟ್‌ನ ಉತ್ತರಕ್ಕಿದ್ದ ಆ ಬೀದಿಯಲ್ಲಿ ನಾವು ಯಾರಿಗೂ ಬೇಕಾದವರಾಗಿರಲಿಲ್ಲ. ಮೈಸೂರಿನಿಂದ ಬಂದು ಒಂದು ವರ್ಷ ಅಪಾರ್ಟ್‌ಮೆಂಟಿನಲ್ಲಿದ್ದು, ನನ್ನ ಗಂಡನ ಕೆಲಸ ಗಟ್ಟಿಯಾದ ಮೇಲೆ ಒಂದು ಪುಟ್ಟ ಇಟ್ಟಿಗೆ ಮನೆಯನ್ನು ಬಾಡಿಗೆಗೆ ಹಿಡಿದಿದ್ದೆವು. ಪಕ್ಕದ ಮನೆಯಲ್ಲಿ ಐವತ್ತು ದಾಟಿದ ಒಬ್ಬ ವಿಧವೆ ಇದ್ದಳು. ಶಾಲೆಯೊಂದರ ಅಡುಗೆಮನೆಯಲ್ಲಿ ಅವಳ ಕೆಲಸ. ಮೊದಲ ಸಲ ಬೇಲಿಯ ಬಳಿ ನಿಂತು ನಾನು ನಕ್ಕಾಗ ಅವಳು ನಗಲಿಲ್ಲ.

"ನಿನ್ನ ಗಂಡ ಎಲ್ಲಿ ಕೆಲಸ ಮಾಡ್ತಾನೆ?" ಎಂದಳು.

ಗಾಡಿಗಳ ಗಾಲಿಯ ಅಚ್ಚು ಮಾಡುವ ಆಕ್ಸಲ್ ಫ್ಯಾಕ್ಟರಿಯ ಹೆಸರು ಹೇಳಿದೆ.

"ಗೊತ್ತಾಯ್ತು. ನಮ್ಮ ಹುಡುಗರು ಯುದ್ಧಕ್ಕೆ ಹೋಗ್ತಾರೆ, ಅವರು ಬಿಟ್ಟುಹೋದ ಜಾಗಕ್ಕೆ ನಿಮ್ಮಂಥವರು ಬಂದು ಸೇರ್ಕೋತೀರಿ" ಎಂದು ಹೇಳಿ ಒಳಗೆ ಹೋದಳು.

ಅವಳಿಗೆ ಒಬ್ಬನೇ ಮಗ. ಅವನಿಗೆ ಸೇನೆಯ ಕರೆ ಬಂದು ಅವನು ವಿಯೆಟ್ನಾಮಿಗೆ ಹೋಗಿದ್ದ. ನನ್ನ ಗಂಡ ಎಂಜಿನಿಯರ್. ಅವನು ಮಾಡುತ್ತಿದ್ದ ಕೆಲಸವನ್ನು ಆ ಹುಡುಗ ಮಾಡುವ ಹಾಗೇ ಇರಲಿಲ್ಲ. ಆದರೆ ಇದನ್ನು ಅವಳಿಗೆ ಹೇಳುವುದು ಯಾರು? ಹೇಳಿದ್ದರೂ ಅವಳು ಕೇಳುತ್ತಿರಲಿಲ್ಲ. ನನಗೂ ಅವಳ ಮೇಲೆ ಸಿಟ್ಟು ಕುದಿಯುತ್ತಲೇ ಇತ್ತು.

ಮರುವರ್ಷದ ಬೇಸಿಗೆಯಲ್ಲಿ ಅವಳ ಮನೆ ಮುಂದೆ ಸೇನೆಯ ಕಾರು ನಿಂತಿತು. ಸಮವಸ್ತ್ರದ ಇಬ್ಬರು ಇಳಿದು, ಟೊಪ್ಪಿಗೆ ತೆಗೆದು ಬಾಗಿಲು ತಟ್ಟಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಒಳಗಿನಿಂದ ಅಳು ಕೇಳಿಸಲಿಲ್ಲ, ಪಾತ್ರೆಯೊಂದು ಬಿದ್ದ ಸದ್ದು ಕೇಳಿಸಿತು. ಮಗ ಸತ್ತ ಸುದ್ದಿ ಹರಡಿ ಬೀದಿಯವರೆಲ್ಲ ಊಟದ ತಟ್ಟೆಗಳನ್ನು ಹೊತ್ತು ಅವಳ ಮನೆಗೆ ಹೋದರು. ನಾನು ಹಣ್ಣು ತೆಗೆದುಕೊಂಡು ಹೋದೆ. ನಾನು ಬರುವುದನ್ನು ಅವಳು ನೋಡಿದಳು, ಬಾಗಿಲು ತೆಗೆಯಲಿಲ್ಲ.

ಕೆಲವು ತಿಂಗಳ ಬಳಿಕ ಅವಳೇ ನಮ್ಮ ಬಾಗಿಲಿಗೆ ಬಂದಳು. ಒಳಗೆ ಬನ್ನಿ ಎಂದೆ. ಅವಳು ಬರಲಿಲ್ಲ.

"ನನ್ನ ಮಗನಿಗೆ ಗುಂಡು ಬಿದ್ದಿಲ್ಲ. ಅವನ ಜೊತೆಗಿದ್ದ ಹುಡುಗ ವಾಪಸ್ ಬಂದಿದಾನೆ, ಅವನೇ ಹೇಳಿದ. ತಿರುವಿನಲ್ಲಿ ಗಾಡಿ ಮಗುಚಿತಂತೆ. ಶತ್ರು ಸುತ್ತ ಎಲ್ಲೂ ಇರಲಿಲ್ವಂತೆ. ಆ ಗಾಡಿಯ ಆಕ್ಸಲ್ ನಿನ್ನ ಗಂಡನ ಫ್ಯಾಕ್ಟರಿಯದು. ಯಾಕೆ ಮಗುಚಿತು ಅಂತ ಕೇಳಿ ಹೇಳು."

ನನ್ನ ಗಂಡ ಮಾಡುತ್ತಿದ್ದದ್ದು ರೈತರ ಟ್ರಕ್ಕುಗಳ ಆಕ್ಸಲ್. ಸೇನೆಯ ಗಾಡಿಗಳ ಕೆಲಸ ನಡೆಯುತ್ತಿದ್ದ ಶೆಡ್ಡೇ ಬೇರೆ. ಪರದೇಶದವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಹಾಗೆಂದು ಹೇಳಿದೆ. "ಗೊತ್ತಿಲ್ಲ ಅನ್ನೋದನ್ನ ಎಲ್ಲರೂ ಚೆನ್ನಾಗಿ ಕಲ್ತಿದೀರಿ" ಎಂದಳು. ಅಂದಿನಿಂದ ನಾನು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಾಗೆಲ್ಲ ಅವಳು ಬೇಲಿಯ ಆಚೆ ನಿಂತು ನನ್ನನ್ನು ದಿಟ್ಟಿಸುತ್ತಿದ್ದಳು.

ಚಳಿ ಶುರುವಾಗುವ ಹೊತ್ತಿಗೆ ನನ್ನ ಗಂಡ ಒಂದು ಸುದ್ದಿ ತಂದ. ಸೇನಾ ಇಲಾಖೆಯೊಂದರ ಸೆಕ್ರೆಟರಿ ಫ್ಯಾಕ್ಟರಿ ನೋಡಲು ಬರುತ್ತಾರಂತೆ. ಅಂದು ನೌಕರರ ಮನೆಯವರಿಗೂ ಆಹ್ವಾನ. ಬೇಕಾದರೆ ಒಬ್ಬ ನೆಂಟರನ್ನೋ ಸ್ನೇಹಿತರನ್ನೋ ಕರೆತರಬಹುದು.

"ಸೆಕ್ರೆಟರಿ ಬಂದ್ರೆ ಇಷ್ಟೊಂದು ಗಲಾಟೆ ಯಾಕ್ರೀ? ಟೈಪ್ ಮಾಡೋರಲ್ವಾ?" ಎಂದೆ.

ಅವನು ನಕ್ಕ. "ಅಲ್ಲ ಕಣೇ. ಜನರಲ್‌ಗಳೆಲ್ಲ ಇವರ ಕೈ ಕೆಳಗೆ. ಆದ್ರೆ ಇವರು ಮಿಲಿಟರಿಯವರಲ್ಲ. ಹಿಂದೆ ಯಾವುದೋ ಕಂಪನಿ ನಡೆಸ್ತಿದ್ರಂತೆ, ಪ್ರೆಸಿಡೆಂಟ್ ಕರೆದು ಆ ಕುರ್ಚೀಲಿ ಕೂರಿಸಿದಾರೆ."

"ಹಾಗಾದ್ರೆ ಯುದ್ಧ ಮಾಡಿಸೋದು ಇವರೇನಾ?"

"ಇಲ್ಲ. ಯುದ್ಧದ ಆರ್ಡರು ಬೇರೆ ದಾರೀಲಿ ಹೋಗತ್ತೆ. ಇವರದು ಜನ ಸೇರಿಸೋದು, ತರಬೇತಿ ಕೊಡಿಸೋದು, ಬಟ್ಟೆ, ಬಂದೂಕು, ಗಾಡಿ ಒದಗಿಸೋದು."

"ಗಾಡೀನೂ?"

"ಹೂಂ, ಗಾಡೀನೂ" ಎಂದ. ನನ್ನ ತಲೆಯಲ್ಲಿ ಏನು ಓಡುತ್ತಿದೆ ಎಂದು ಅವನಿಗೆ ಆಗ ಹೊಳೆದಿರಲಿಲ್ಲ.

ಮರುದಿನ ನಾನು ಪಕ್ಕದ ಮನೆಯಾಕೆಯನ್ನು ಅಂದು ನಮ್ಮ ಜೊತೆ ಫ್ಯಾಕ್ಟರಿಗೆ ಬರಲು ಕರೆದೆ. ಅದು ಕರುಣೆಯಿಂದ ಮಾಡಿದ್ದೆಂದು ಹೇಳಿದರೆ ಸುಳ್ಳಾಗುತ್ತದೆ. ಅವಳ ಪ್ರಶ್ನೆ ನನ್ನ ಹಿತ್ತಲಲ್ಲಿ ನಿಂತು ಕೊಳೆಯುವುದು ನನಗೆ ಸಾಕಾಗಿತ್ತು. ಅದು ಎಲ್ಲಿಗೆ ಸೇರಬೇಕೋ ಅಲ್ಲಿಗೆ ಹೋಗಲಿ ಎಂಬುದಷ್ಟೇ ನನ್ನ ಲೆಕ್ಕಾಚಾರ. ಅವಳು ಥ್ಯಾಂಕ್ಸ್ ಹೇಳಲಿಲ್ಲ. "ಎಷ್ಟು ಹೊತ್ತಿಗೆ?" ಎಂದು ಮಾತ್ರ ಕೇಳಿದಳು.

ಫ್ಯಾಕ್ಟರಿಯ ಗೇಟಿನ ಹೊರಗೆ ಯುದ್ಧ ಬೇಡವೆನ್ನುವ ಕಾಲೇಜು ಹುಡುಗ ಹುಡುಗಿಯರು ಕೂಗುತ್ತಿದ್ದರು. ನಮ್ಮ ಕಾರಿನ ಗಾಜಿಗೆ ಮೊಟ್ಟೆ ಬಿತ್ತು. ನನ್ನ ಸೀರೆ ಕಂಡ ಹುಡುಗಿಯೊಬ್ಬಳು ಕಿಟಕಿಯ ಹತ್ತಿರ ಬಗ್ಗಿ, "ನೀನೂನಾ? ನಿನಗೆ ನಾಚಿಕೆ ಆಗಲ್ವಾ?" ಎಂದು ಕಿರುಚಿದಳು. ಗೇಟಿನ ಒಳಗಿದ್ದ ಕಾರ್ಮಿಕರು ಅವರನ್ನು ಅದಕ್ಕಿಂತ ಕೆಟ್ಟ ಮಾತುಗಳಲ್ಲಿ ಬೈಯುತ್ತಿದ್ದರು. ಸೇನೆಯ ಗಾಡಿಗಳ ಆ ಶೆಡ್ಡು ನಿಂತರೆ ಅವರ ಅನ್ನ ನಿಲ್ಲುತ್ತಿತ್ತು. ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯಾಕೆಯನ್ನು ಕಂಡಾಗಿನಿಂದ ನನ್ನ ಗಂಡ ನನ್ನ ಜೊತೆ ಮಾತು ಬಿಟ್ಟಿದ್ದ.

ಒಳಗೆ ಬಾವುಟ, ಬ್ಯಾಂಡು, ಕಾಫಿ, ಡೋನಟ್. ಸೆಕ್ರೆಟರಿ ಎಂದರೆ ದೊಡ್ಡ ಆಳು ಇರಬಹುದೆಂದುಕೊಂಡಿದ್ದೆ. ಬಂದವರು ಕನ್ನಡಕದ, ಸಾಧಾರಣ ಎತ್ತರದ ಮನುಷ್ಯ. ಬೂದು ಸೂಟು, ಕೈಯಲ್ಲಿ ಮಡಚಿದ ಮಳೆಕೋಟು. ಅವರ ಪಕ್ಕದಲ್ಲಿ ಎದೆ ತುಂಬ ಬಣ್ಣದ ಪಟ್ಟಿಗಳನ್ನು ಧರಿಸಿದ ಜನರಲ್. ಗೊತ್ತಿಲ್ಲದವರು ಯಾರೇ ಆಗಲಿ ಆ ಸಮವಸ್ತ್ರದವನನ್ನೇ ಯಜಮಾನ ಎನ್ನುತ್ತಿದ್ದರು.

ಸೆಕ್ರೆಟರಿ ಚುಟುಕಾಗಿ ಮಾತಾಡಿದರು. ತಾನು ಸೈನಿಕನಲ್ಲ, ಸೈನಿಕರ ಮೇಲೆ ಸೈನಿಕನಲ್ಲದ ಒಬ್ಬ ಇರಬೇಕೆಂದು ಈ ದೇಶ ಬಯಸಿದೆ, ಸೇನೆ ಜನರದ್ದಾದ್ದರಿಂದ ತಾನು ಅಲ್ಲಿ ಜನರ ಕಡೆಯವನಾಗಿ ಕೂತಿದ್ದೇನೆ ಎಂದರು. ಚಪ್ಪಾಳೆ ಬಿತ್ತು. ಆಮೇಲೆ ಸಾಲಾಗಿ ನಿಂತವರ ಕೈ ಕುಲುಕುತ್ತ ಬಂದರು. ನನ್ನ ಕೈ ಕುಲುಕಿದರು. ಪಕ್ಕದ ಮನೆಯಾಕೆಯ ಮುಂದೆ ಅವರ ಕೈ ಗಾಳಿಯಲ್ಲೇ ನಿಂತಿತು.

"ನಿನ್ನ ಗಾಡಿ ಮಗುಚಿ ನನ್ನ ಮಗ ಸತ್ತ. ಯಾಕೆ ಮಗುಚಿತು?"

ಇಂಗ್ಲಿಷಿನಲ್ಲಿ ಏಕವಚನ ಬಹುವಚನದ ಗೊಡವೆಯಿಲ್ಲ. ಆದರೂ ಅವಳು ಆಡಿದ್ದು ಏಕವಚನವೇ. ಅಲ್ಲಿದ್ದ ಎಲ್ಲರಿಗೂ ಅದು ಕೇಳಿಸಿತು.

ಸೆಕ್ರೆಟರಿ ಬಾಯಿ ತೆರೆದರು. ತೆರೆದವರು ಪಕ್ಕಕ್ಕೆ ತಿರುಗಿ ಜನರಲ್‌ನ ಮುಖ ನೋಡಿದರು. ಜನರಲ್ ಒಂದು ಹೆಜ್ಜೆ ಮುಂದೆ ಬಂದ.

"ನಿಮ್ಮ ದುಃಖ ನಮಗೆ ಅರ್ಥವಾಗತ್ತೆ ಮೇಡಂ. ಗಾಡಿ ಚೆನ್ನಾಗೇ ಇದೆ. ಹೊಸ ಹುಡುಗರು ತಿರುವಿನಲ್ಲಿ ವೇಗವಾಗಿ ಓಡಿಸ್ತಾರೆ."

"ನಾನು ನಿನ್ನನ್ನ ಕೇಳಲಿಲ್ಲ" ಎಂದು ಅವಳು ಅವನತ್ತ ನೋಡದೆಯೇ ಹೇಳಿದಳು. "ಜನರ ಕಡೆಯವನು ಅಂತ ಈಗ ತಾನೇ ಹೇಳಿದನಲ್ಲ, ಅವನನ್ನ ಕೇಳಿದೆ."

ಹಿಂದಿನಿಂದ ಯಾರೋ "ಆಕೇನ ಹೊರಗೆ ಹಾಕಿ" ಎಂದು ಕೂಗಿದರು. ಇನ್ನೊಬ್ಬ "ಕರ್ಕೊಂಡು ಬಂದಿರೋ ಆ ಸೀರೆಯವಳನ್ನೂ" ಎಂದ. ಜನ ನಗಾಡಿದರು. ಕಾವಲಿನವರು ಬಂದು ಅವಳ ತೋಳು ಹಿಡಿದರು; ನನ್ನದನ್ನು ಹಿಡಿಯಲಿಲ್ಲ, ಬಾಗಿಲಿನತ್ತ ಕೈ ತೋರಿಸಿದರು. ಸೆಕ್ರೆಟರಿ ಅಲ್ಲೇ ನಿಂತಿದ್ದರು. ತಡೆಯಲಿಲ್ಲ.

ಸಂಜೆ ನಮ್ಮ ಅಡುಗೆಮನೆಯಲ್ಲಿ ಜಗಳ.

"ನಿನಗೆ ಬುದ್ಧಿ ಎಲ್ಲಿ ಹೋಗಿತ್ತು? ನಾಳೆ ನಾನು ಅಲ್ಲಿ ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದು ಗಂಡ ಕೂಗಾಡಿದ.

"ಕೇಳಿದ್ರಲ್ಲಿ ತಪ್ಪೇನಿತ್ತು ಹೇಳಿ."

"ತಪ್ಪು ಸರಿಯ ಮಾತಲ್ಲ ಕಣೇ. ನಾವು ಇನ್ನೊಬ್ಬರ ಮನೇಲಿ ಇದೀವಿ."

ಅಷ್ಟರಲ್ಲಿ ಬೀದಿಯಲ್ಲಿ ಒಂದು ಉದ್ದನೆಯ ಕಪ್ಪು ಕಾರು ಬಂದು ನಿಂತಿತು. ಸೆಕ್ರೆಟರಿ ಇಳಿದರು. ಜನರಲ್ ಜೊತೆಗಿರಲಿಲ್ಲ. ಅವರು ಪಕ್ಕದ ಮನೆಯ ಮೆಟ್ಟಿಲು ಹತ್ತಿ ಗಂಟೆ ಒತ್ತಿದರು. ಗಂಡ ಬೇಡ ಬೇಡ ಎನ್ನುತ್ತಿದ್ದರೂ ನಾನು ಬೇಲಿಯ ಹತ್ತಿರ ಹೋಗಿ ನಿಂತೆ.

ಅವಳು ಒಳಬಾಗಿಲು ತೆಗೆದಳು. ಹೊರಗಿನ ಜಾಲರಿ ಬಾಗಿಲಿನ ಚಿಲಕ ತೆಗೆಯಲಿಲ್ಲ.

"ಒಬ್ಬನೇ ಬಂದಿದೀನಿ. ಒಳಗೆ ಬರಬಹುದಾ?" ಎಂದರು ಸೆಕ್ರೆಟರಿ.

"ಇಲ್ಲ."

ಅವರು ತಲೆಯಾಡಿಸಿ ಮೆಟ್ಟಿಲ ಮೇಲೆಯೇ ನಿಂತರು. ಗಾಳಿ ಚುಚ್ಚುತ್ತಿತ್ತು. ಮಳೆಕೋಟು ಕೈಯಲ್ಲೇ ಇತ್ತು, ಹಾಕಿಕೊಳ್ಳಲಿಲ್ಲ.

"ಆ ಜನರಲ್ ಮುಖ ಯಾಕೆ ನೋಡಿದೆ?" ಅವಳೇ ಕೇಳಿದಳು.

"ಗಾಡಿಯ ವಿಷಯ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು."

"ಹಾಗಾದ್ರೆ ನೀನ್ಯಾಕಿದೀಯ?"

"ಅವರು ಹೇಳೋದನ್ನ ನಂಬಬೇಕೋ ಬೇಡವೋ ಅಂತ ತೀರ್ಮಾನ ಮಾಡೋಕೆ ಅವರವನಲ್ಲದ ಒಬ್ಬ ಬೇಕು. ಅದಕ್ಕೇ ನನ್ನನ್ನ ಇಟ್ಟಿದಾರೆ" ಎಂದರು.

"ನಂಬಿದೀಯಾ?"

"ಇವತ್ತು ಬೆಳಗ್ಗೆವರೆಗೂ ನಂಬಿದ್ದೆ."

ಅವಳು ಜಾಲರಿಯ ಹಿಂದೆ ಅಲುಗಾಡದೆ ನಿಂತಿದ್ದಳು. ಅವರು ಮುಂದುವರಿಸಿದರು. ವಾಷಿಂಗ್ಟನ್ನಿಗೆ ಬನ್ನಿ, ನಿಮ್ಮ ಮಗನ ಜೊತೆಗಿದ್ದ ಹುಡುಗನನ್ನೂ ಕರೆತನ್ನಿ, ಈ ಗಾಡಿಗಳ ಉಸ್ತುವಾರಿಯವರನ್ನೆಲ್ಲ ನನ್ನ ಮುಂದೆ ಕೂರಿಸುತ್ತೇನೆ, ಹುಡುಗ ನೋಡಿದ್ದನ್ನು ಹೇಳಲಿ, ಅವರು ನನ್ನೆದುರಿಗೇ ಉತ್ತರ ಕೊಡಲಿ ಎಂದರು. ಹೇಳಿ ಮುಗಿಸಿ ಕೈ ಚಾಚಿದರು. ಅವಳು ಒಳಬಾಗಿಲು ಮುಚ್ಚಿದಳು.

ಹಿಂದಿರುಗುವಾಗ ಅವರ ಕಣ್ಣು ನನ್ನ ಮೇಲೆ ಬಿತ್ತು. "ನೀವು ಅವರ ಸ್ನೇಹಿತೆಯಾ?" ಎಂದು ಕೇಳಿದರು.

"ಅಲ್ಲ" ಎಂದೆ.

ಮುಂದಿನ ದಿನಗಳು ಕೆಟ್ಟವು. ಫ್ಯಾಕ್ಟರಿಯ ಊಟದ ಮೇಜಿನಲ್ಲಿ ನನ್ನ ಗಂಡ ಕೂತರೆ ಉಳಿದವರು ಏಳುತ್ತಿದ್ದರು. ಒಂದು ದಿನ ಪಾರ್ಕಿಂಗ್ ಲಾಟಿನಲ್ಲಿ ಅವನ ಕಾರಿನ ಟಯರುಗಳನ್ನು ಯಾರೋ ಕೊಯ್ದಿದ್ದರು. ಮೇಲಧಿಕಾರಿ, ಕೆಲಸದಿಂದ ತೆಗೆಯುವುದಿಲ್ಲ, ಆದರೆ ಇಲ್ಲಿ ಮುಂದೆ ಬರುವ ಆಸೆ ಇಟ್ಟುಕೊಳ್ಳಬೇಡ ಎಂದನಂತೆ. ನಮ್ಮವರ ಮಾತು ಅದಕ್ಕಿಂತ ಚುಚ್ಚಿತು. ಭಾನುವಾರದ ಊಟಕ್ಕೆ ಒಬ್ಬರ ಮನೆಗೊಬ್ಬರು ಹೋಗುವ ನಾಲ್ಕಾರು ಕನ್ನಡದ ಕುಟುಂಬಗಳಿದ್ದವು. ಅಂಥದೊಂದು ಊಟದಲ್ಲಿ ಧಾರವಾಡದ ಡಾಕ್ಟರೊಬ್ಬರು ಎಲ್ಲರೆದುರಿಗೆ ನನ್ನನ್ನು ತರಾಟೆಗೆ ತೆಗೆದುಕೊಂಡರು.

"ಅಲ್ರೀ ಅಕ್ಕಾರ, ಪರದೇಶಕ್ಕ ಬಂದು ಮಿಲಿಟರಿಯವ್ರ ಕೂಡ ಜಗಳಾ ತಗದೀರಲ್ಲ, ನಿಮಗ ಹೇಳವ್ರು ಕೇಳವ್ರು ಯಾರೂ ಇಲ್ಲೇನು? ನಾಳೆ ನಮ್ಮೆಲ್ಲಾರ ಗ್ರೀನ್ ಕಾರ್ಡಿಗೂ ಕುತ್ತು ಬಂದ್ರ ಏನ್ ಮಾಡೋಣು?"

ನನ್ನ ಪರವಾಗಿ ಯಾರೂ ಒಂದು ಮಾತೂ ಆಡಲಿಲ್ಲ. ನನ್ನ ಗಂಡ ಕೂಡ ಸಾರು ಕಲಸಿಕೊಳ್ಳುತ್ತಿದ್ದ. ಅಲ್ಲಿಂದೀಚೆಗೆ ನಮ್ಮನ್ನು ಕರೆಯುವುದು ಕಡಿಮೆಯಾಯಿತು.

ಪಕ್ಕದ ಮನೆಯಾಕೆ ಹೊರಡಲು ತಡಮಾಡಿದಳು. ಮಗನ ಜೊತೆಗಿದ್ದ ಆ ಹುಡುಗ ಮೊದಲು ಬರುತ್ತೇನೆಂದು, ಆಮೇಲೆ ಒಲ್ಲೆನೆಂದು, ಕೊನೆಗೆ ಒಪ್ಪುವ ಹೊತ್ತಿಗೆ ಹಿಮ ಕರಗಿ ಹುಲ್ಲು ಚಿಗುರಿತ್ತು. ಇಬ್ಬರೂ ಬಸ್ಸಿನಲ್ಲಿ ವಾಷಿಂಗ್ಟನ್ನಿಗೆ ಹೋಗಿಬಂದರು. ಬಂದ ಮೇಲೆ ಅವಳು ಬೇಲಿಯ ಹತ್ತಿರ ನಿಂತು ನನ್ನನ್ನು ಕರೆದಳು. ಅವಳಾಗಿ ಕರೆದದ್ದು ಅದೇ ಮೊದಲು.

"ಅವನಿಲ್ಲ" ಎಂದಳು. "ಬಿಟ್ಟುಹೋದನಂತೆ. ಮತ್ತೆ ಯಾವುದೋ ಕಂಪನಿ ಸೇರ್ಕೊಂಡನಂತೆ. ಆ ಕುರ್ಚೀಲಿ ಬೇರೆ ಒಬ್ಬ ಕೂತಿದ್ದ."

"ಆ ಹೊಸಬರು ಏನಂದ್ರು?"

"ಮರ್ಯಾದೆಯಿಂದ ಮಾತಾಡಿದ. ನಾನು ಈಗಷ್ಟೇ ಬಂದಿದೀನಿ, ಎಲ್ಲ ಮೊದಲಿಂದ ಹೇಳಿ ಅಂದ. ಮೊದಲಿಂದ ಹೇಳಿದೆ. ಆ ಹುಡುಗನೂ ಹೇಳಿದ. ಎಲ್ಲ ಕೇಳಿಸ್ಕೊಂಡು ಪಕ್ಕಕ್ಕೆ ತಿರುಗಿ ನೋಡಿದ. ಪಕ್ಕದಲ್ಲಿ ಯಾರಿದ್ದ ಗೊತ್ತಾ? ಅದೇ ಜನರಲ್."

ಅಷ್ಟು ಹೇಳಿ, ನನ್ನ ಮಾತಿಗೆ ಕಾಯದೆ ಒಳಗೆ ಹೋದಳು.

ಅದಾದ ಎಷ್ಟೋ ತಿಂಗಳ ಮೇಲೆ ಗಂಡ ಫ್ಯಾಕ್ಟರಿಯಲ್ಲಿ ಕೇಳಿದ ಮಾತೊಂದನ್ನು ತಂದ. ಆ ಗಾಡಿ ಓಡಿಸುವವರಿಗೆ ಬೇರೆಯೇ ತರಬೇತಿ ಕೊಡಬೇಕೆಂದು ಆಜ್ಞೆ ಬಂದಿದೆಯಂತೆ. ಸ್ಟಿಯರಿಂಗ್ ಪಕ್ಕ ಒಂದು ಎಚ್ಚರಿಕೆಯ ಫಲಕ ಜಡಿಯುತ್ತಾರಂತೆ. ಅದಕ್ಕೆ ಅವಳ ಮಾತು ಕಾರಣವೋ, ಮೆಟ್ಟಿಲ ಮೇಲೆ ನಿಂತು ಹೋದವರು ಹೊರಡುವ ಮುಂಚೆ ಏನಾದರೂ ಮಾಡಿದ್ದರೋ, ಹೊಸಬರ ಕೆಲಸವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಸಂತೋಷದ ಸುದ್ದಿಯೆಂದುಕೊಂಡು ಅವಳಿಗೆ ಹೋಗಿ ಹೇಳಿದೆ.

ಅವಳ ಮುಖ ಕೆಂಪಾಯಿತು. "ತಿರುವಿನಲ್ಲಿ ನಿಧಾನ ಅಂತ ಬರೆಯೋಕೆ ನನ್ನ ಮಗನೇ ಬೇಕಿತ್ತಾ?" ಎಂದಳು. ನಾನೇ ಆ ಫಲಕ ಜಡಿದವಳೇನೋ ಎಂಬಂತೆ ನನ್ನನ್ನು ನೋಡಿ, ಬಾಗಿಲು ಹಾಕಿಕೊಂಡಳು.

ಮುಂದೆ ನನ್ನ ಗಂಡನಿಗೆ ಷಿಕಾಗೋದಲ್ಲಿ ಕೆಲಸ ಸಿಕ್ಕಿ ನಾವು ಅದರ ಪಕ್ಕದ ಸ್ಕೋಕಿ ಎಂಬ ಊರಿಗೆ ಮನೆ ಬದಲಾಯಿಸಿದೆವು. ಹೊರಡುವ ದಿನ ಅವಳು ಮುಂದಿನ ಅಂಗಳದಲ್ಲಿ ಹುಲ್ಲು ಕತ್ತರಿಸುತ್ತಿದ್ದಳು. ನಾನು ಹತ್ತಿರ ಹೋಗಿ ನಿಂತೆ. ಅವಳು ಯಂತ್ರ ನಿಲ್ಲಿಸಲಿಲ್ಲ. ಆ ಸದ್ದಿನಲ್ಲಿ ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿ ಎನ್ನುವ ಧೈರ್ಯ ಬರಲಿಲ್ಲ. ಅವಳು ಯಂತ್ರ ತಳ್ಳಿಕೊಂಡು ಅಂಗಳದ ಆ ತುದಿಗೆ ಹೋದಳು.

ಷಿಕಾಗೋ ಮುಟ್ಟಿದ ಮೇಲೆ ಗಂಡ ನೇರವಾಗಿ ಮನೆಗೆ ಹೋಗದೆ ಡೆವನ್ ಅವೆನ್ಯೂ ಕಡೆ ಕಾರು ತಿರುಗಿಸಿದ. ಆಗ ಅಲ್ಲಿ ನಮ್ಮವರ ಅಂಗಡಿಗಳು ಒಂದೊಂದೇ ತೆರೆಯುತ್ತಿದ್ದವು. ಬೇಳೆಯ ಮೂಟೆಗಳ ನಡುವೆ ನಿಂತು ಅವನು ಇದ್ದಕ್ಕಿದ್ದಂತೆ ಕೇಳಿದ:

"ಅವತ್ತು ಅವಳು ಕೇಳಿದ್ದು ಸರಿಯಾಗೇ ಇತ್ತು ಅಲ್ವಾ?"

"ಅವತ್ತೇ ಹೇಳ್ಬಾರದಿತ್ತಾ?" ಎಂದೆ.

ಅವನು ತೊಗರಿಬೇಳೆಯ ಪೊಟ್ಟಣವೊಂದನ್ನು ಎತ್ತಿಕೊಂಡು ಅಂಗಡಿಯವನ ಕಡೆ ನಡೆದ.