ಆರು ಸಾಲಿನವರು

ನಮ್ಮ ಔಷಧಿ ಸಗಟು ಮಳಿಗೆಯಲ್ಲಿ ಯಾವ ಪೆಟ್ಟಿಗೆ ಯಾವತ್ತು ಹೊರಡಬೇಕು, ಯಾವುದರ ಅವಧಿ ಮುಗಿಯುತ್ತ ಬಂದಿದೆ ಎಂದು ಹೇಳುವ ಪ್ರೋಗ್ರಾಮನ್ನು ಒಬ್ಬರೇ ಬರೆದಿದ್ದರು. ಬೇರೆಯವರಿಗೆ ಅರವತ್ತು ಸಾಲು ಹಿಡಿಯುವುದನ್ನು ಆರರಲ್ಲಿ ಮುಗಿಸುತ್ತಾರೆಂದು ನಾವೆಲ್ಲ ಅವರನ್ನು ಆರು ಸಾಲಿನವರು ಎನ್ನುತ್ತಿದ್ದೆವು. ಅವರು ಆರಿಸಿಕೊಂಡ ಪ್ರೋಗ್ರಾಮಿಂಗ್ ಭಾಷೆ ಅಪರೂಪದ್ದು. ಊರಲ್ಲಿ ಅದನ್ನು ಬಲ್ಲವರು ಇನ್ನೊಬ್ಬರಿದ್ದರು, ಆ ಇನ್ನೊಬ್ಬರು ತೀರಿಕೊಂಡರು. ಮೂವರ ಸಂಬಳ ಉಳಿಯಿತೆಂದು ಯಜಮಾನರು ಆಗ ಬೆನ್ನು ತಟ್ಟಿದ್ದರು.

ಹತ್ತೊಂಬತ್ತು ವರ್ಷ ಅವರು ಎರಡು ದಿನಕ್ಕಿಂತ ಹೆಚ್ಚು ರಜೆ ಹಾಕಲಿಲ್ಲ. ಪ್ರೋಗ್ರಾಮು ಕೈಕೊಟ್ಟರೆ ಸರಿಮಾಡುವವರು ಇನ್ನೊಬ್ಬರಿರಲಿಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ಒಬ್ಬರೇ ಊಟ ಮಾಡುತ್ತಿದ್ದರು. ನಾನು ಸಹಿ ಹಾಕಿಸಲು ಹೋದಾಗ ನಾಲ್ಕು ಮಾತಾಡುತ್ತಿದ್ದರು, ಅದೂ ಅಕ್ಕನ ವಿಷಯ. ತಾಯಿಯಿಲ್ಲದ ತಮ್ಮನನ್ನು ಸಾಕಿದ ಆ ಅಕ್ಕನಿಗೆ ಈಗ ಕಣ್ಣಿನ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಹದಿನೈದು ದಿನ ಬಂದಿರು ಎಂದು ಅಕ್ಕ ಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದ್ದರು.

ರಜೆ ಕೇಳಿದಾಗ ಯಜಮಾನರು ಒಲ್ಲೆನ್ನಲಿಲ್ಲ, ನಿಮ್ಮ ಜಾಗಕ್ಕೆ ಒಬ್ಬರು ಸಿಗಲಿ ಎಂದರು. ಜಾಹೀರಾತು ನೋಡಿ ಬಂದವನು ಒಬ್ಬನೇ, ಅವನೂ ದುಪ್ಪಟ್ಟು ಸಂಬಳ ಕೇಳಿದ. ಎಲ್ಲರೂ ಬಳಸುವ ಭಾಷೆಯಾಗಿದ್ದರೆ ನಲವತ್ತು ಜನ ಸಾಲುಗಟ್ಟುತ್ತಿದ್ದರು. ಅಂಥ ಭಾಷೆಯಲ್ಲೇ ಹೊಸದಾಗಿ ಬರೆಸೋಣವೇ ಎಂಬ ಮಾತೆದ್ದಾಗ ಆರು ಸಾಲಿನವರ ಮುಖ ಚಿಕ್ಕದಾಯಿತು. ಸೂಜಿ ಬಿಟ್ಟು ದಬ್ಬಳ ಹಿಡಿಯುವುದೇ ಎಂದರು.

ಸಲಹೆಗೆಂದು ನಡುವಯಸ್ಸಿನ ಹೆಂಗಸೊಬ್ಬರು ಬಂದರು, ಅವರೂ ಪ್ರೋಗ್ರಾಮು ಬರೆಯುವವರೇ. ಪರದೆಯ ಮೇಲೆ ಬೆರಳಿಟ್ಟು ಕೇಳಿದರು: "ಸರ್, ಈ ಭಾಗದ ನಾಲ್ಕನೇ ಸಾಲು ಕೆಲವು ಪೆಟ್ಟಿಗೆಗಳನ್ನ ತಡೆದಿಡತ್ತಲ್ಲ, ಯಾಕೆ?"

ಆರು ಸಾಲಿನವರು ಕನ್ನಡಕ ಒರೆಸಿಕೊಂಡರು. ಪ್ರೋಗ್ರಾಮಿನಲ್ಲಿ ಎಲ್ಲೂ ವಿವರಣೆ ಬರೆದಿಟ್ಟಿರಲಿಲ್ಲ. ಚೆನ್ನಾಗಿ ಬರೆದದ್ದಕ್ಕೆ ಟಿಪ್ಪಣಿ ಯಾಕೆ ಎಂಬ ಬಿಂಕ. ಊಟದ ಹೊತ್ತು ಕಳೆದರೂ ಕಾರಣ ನೆನಪಾಗಲಿಲ್ಲ. ಕಡೆಗೆ ತಾವೇ ಎದ್ದು ಯಜಮಾನರ ಕೋಣೆಗೆ ಬಂದರು. ನಾನು ಕಡತ ಹಿಡಿದು ಅಲ್ಲೇ ನಿಂತಿದ್ದೆ.

"ಹೊಸದಾಗೇ ಬರೆಸಿ. ಬರೆಯೋದು ಒಂದು ಸಲ, ಓದೋದು ಇಪ್ಪತ್ತು ವರ್ಷ. ನಾನು ಬರೆಯೋದನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದೆ."

"ಖರ್ಚಾಗತ್ತಲ್ಲ," ಎಂದರು ಯಜಮಾನರು.

"ಆಗತ್ತೆ. ನನ್ನೊಬ್ಬನ್ನೇ ನೆಚ್ಚಿಕೊಂಡಿರೋದು ಇನ್ನೂ ದುಬಾರಿ. ನಾ ಬರೆದದ್ದು ನನಗೇ ತಿಳೀಲಿಲ್ಲ."

ದೇವರು ದೊಡ್ಡವನು, ಅಕ್ಕನ ಚಿಕಿತ್ಸೆ ಕಾಯುವಂಥದ್ದಾಗಿತ್ತು. ಏಳು ತಿಂಗಳು ಆ ಹೆಂಗಸೂ ಇನ್ನೊಬ್ಬರೂ ಇವರ ಮೇಜಿನ ಎದುರು ಕೂತು ಒಂದೊಂದೇ ನಿಯಮ ಕೇಳಿ ಬರೆದುಕೊಂಡರು. ಆ ಕೋಣೆಯಿಂದ ಒಮ್ಮೊಮ್ಮೆ ನಗು ಕೇಳಿಸುತ್ತಿತ್ತು. ಅವರು ಆರು ಸಾಲಿನಲ್ಲಿ ಮುಗಿಸಿದ್ದೆಲ್ಲ ಎಂಬತ್ತು ಸಾಲಾಯಿತು. ತಣ್ಣಗಿಡಬೇಕಾದ ಔಷಧಿ ಶನಿವಾರ ಹೊರಟರೆ ಭಾನುವಾರ ಇಳಿಸಿಕೊಳ್ಳುವವರಿಲ್ಲ, ಮಾತಿನ ನಡುವೆ ಅವರಿಗೆ ನೆನಪಾದ ನಾಲ್ಕನೇ ಸಾಲಿನ ಗುಟ್ಟು ಇಷ್ಟೇ. ಈಗ ಅದನ್ನು ಯಾರು ಬೇಕಾದರೂ ಓದಬಹುದು.

ಅವರು ರಜೆಯ ಮೇಲೆ ಅಕ್ಕನ ಮನೆಗೆ ಹೋದರು. ಅಲ್ಲಿ ನಡೆದದ್ದನ್ನು ಮರಳಿದ ಮೇಲೆ ನನಗೆ ಹೇಳಿದರು. ಒಂಬತ್ತನೆಯ ದಿನ ಅಕ್ಕ ಮಲಗಿದ್ದಲ್ಲಿಂದಲೇ ಕೇಳಿದರಂತೆ: "ಏನೋ, ನಿನ್ನ ಫೋನ್ ಕೆಟ್ಟಿದ್ಯಾ? ಆಫೀಸಿಂದ ಒಬ್ಬರೂ ಮಾಡ್ಲಿಲ್ಲ."

"ಇಲ್ಲಕ್ಕ, ಸರಿಯಾಗೇ ಇದೆ."

ಹಾಗೆಂದರೂ ಒಮ್ಮೆ ಕೈಗೆತ್ತಿಕೊಂಡು ನೋಡಿದರಂತೆ. ಆಮೇಲೆ ಅಕ್ಕನ ಕಣ್ಣಿಗೆ ಹನಿ ಹಾಕುವ ಹೊತ್ತಾಯಿತೆಂದು ಎದ್ದರಂತೆ.