ಸಂಪಿಗೆ ಮರದ ಬಾಡಿಗೆದಾರರು

ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ನಾನು ಪೊಲೀಸರನ್ನು ಕೊಂದಿದ್ದೇನೆ. ಒಬ್ಬಿಬ್ಬರನ್ನಲ್ಲ, ಒಂದು ಠಾಣೆಗೆ ಸಾಕಾಗುವಷ್ಟು ಜನರನ್ನು. ಅದೂ ಹಾಡಹಗಲಿನಲ್ಲಿ, ಬಸವನಗುಡಿಯ ನಟ್ಟನಡುವೆ, ಹೆಂಡತಿ ಏಣಿ ಹಿಡಿದುಕೊಂಡು ನಿಂತಿರುವಾಗ, ಸೋಪಿನ ನೀರಿನಲ್ಲಿ ಅದ್ದಿದ ಹಳೆಯ ಟೂತ್ ಬ್ರಷ್ಷಿನಿಂದ. ಇಂಥವನು ಅಂಚೆ ಇಲಾಖೆಯಿಂದ ಹಾರ ಹಾಕಿಸಿಕೊಂಡು ನಿವೃತ್ತನಾಗಿ, ಈಗ ನಿಮ್ಮೆದುರು ಕಾಫಿ ಕುಡಿಯುತ್ತ ಕೂತಿದ್ದಾನೆ ಎಂದರೆ ನೀವು ನಂಬಲಿಕ್ಕಿಲ್ಲ. ಸ್ವಲ್ಪ ತಾಳಿ, ಹೇಳುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾವಿದ್ದದ್ದು ವಠಾರದಲ್ಲಿ. ಕೆಳಗೆ ಐದು ಮನೆ, ಮಹಡಿಯ ಮೇಲೊಂದು, ಮುಂದೆ ರಸ್ತೆಗೆ ಮುಖ ಮಾಡಿ ಮಾಲೀಕರಾದ ನಂಜುಂಡಯ್ಯನವರ ಮನೆ. ನಡುವಿನ ಅಂಗಳದಲ್ಲಿ ಒಂದು ನಲ್ಲಿ, ಒಂದು ಒಗೆಯುವ ಕಲ್ಲು, ಒಂದು ಸಂಪಿಗೆ ಮರ. ನಲ್ಲಿಯೂ ಕಲ್ಲೂ ಎಲ್ಲರವು, ಮರ ಮಾತ್ರ ನನ್ನ ಹೆಂಡತಿ ನಾಗುವಿನದು. ಮಾಲೀಕರ ನೆಲದಲ್ಲಿ ಬಾಡಿಗೆದಾರಳ ಮರ ಹೇಗಾದೀತು ಎಂದು ನೀವು ಕೇಳಬಹುದು. ನಾಗುವನ್ನು ಹಾಗೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ವಠಾರಕ್ಕೆ ಬಂದ ವರ್ಷವೇ ಗೇಣುದ್ದದ ಸಸಿ ನೆಟ್ಟಿದ್ದಳು. ಬೀಜದಿಂದ ಬಂದ ಸಂಪಿಗೆ ಹೂ ಬಿಡುವ ಮೊದಲು ನೆಟ್ಟವರ ತಾಳ್ಮೆಯನ್ನು ಚೆನ್ನಾಗಿಯೇ ಪರೀಕ್ಷೆ ಮಾಡುತ್ತದೆ. ಏಳು ವರ್ಷವಾದರೂ ಒಂದು ಮೊಗ್ಗಿಲ್ಲ. ನಡುವೆ ನನಗೆ ಬಡ್ತಿಯ ಮೇಲೆ ಬೇರೆ ಊರಿಗೆ ವರ್ಗವಾದಾಗ, "ಈ ವರ್ಷ ಬಿಟ್ಟೇ ಬಿಡುತ್ತೆ ಕಣ್ರೀ" ಎಂದಳು. ನಾನು ಬಡ್ತಿ ಬೇಡವೆಂದು ಬರೆದುಕೊಟ್ಟೆ. ಕಾರಣದ ಜಾಗದಲ್ಲಿ 'ಕೌಟುಂಬಿಕ' ಎಂದು ಬರೆದೆ. 'ಸಂಪಿಗೆ' ಎಂದು ಬರೆಯಲು ಕೈ ಬರಲಿಲ್ಲ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಂಗಳದಲ್ಲಿ ಅಂಟು ಬೀಳತೊಡಗಿತು. ಒಣಹಾಕಿದ ಬಟ್ಟೆಯ ಮೇಲೆ ಸಣ್ಣ ಸಣ್ಣ ಹನಿ, ಒಗೆಯುವ ಕಲ್ಲಿನ ಮೇಲೆ ಜಿಗುಟು. ನಾಗು ಒಂದು ಹನಿಯನ್ನು ಬೆರಳಿಗೆ ತಗುಲಿಸಿ ನಾಲಗೆಗಿಟ್ಟಳು. ಸಿಹಿ! ಅಷ್ಟು ಸಾಕಾಯಿತು. ಮಹಡಿಯ ಮೇಲಿನ ಪದ್ಮಕ್ಕ ಪಾಯಸದ ಪಾತ್ರೆ ತೊಳೆದು ಬಾಲ್ಕನಿಯಿಂದ ಚೆಲ್ಲುತ್ತಾರೆ ಎಂದು ವಠಾರವೆಲ್ಲ ಒಟ್ಟಾಗಿ ತೀರ್ಮಾನಿಸಿತು. ನಲ್ಲಿಯ ಸರದಿಯೊಂದನ್ನು ಬಿಟ್ಟು ಬೇರೆ ಯಾವುದರಲ್ಲೂ ಕಾಣದ ಒಗ್ಗಟ್ಟು ಅದು. ಪದ್ಮಕ್ಕ ಮೇಲಿನಿಂದಲೇ ಕೂಗಿದರು, "ನಮ್ಮನೆಯವರಿಗೆ ಸಕ್ಕರೆ ಕಾಯಿಲೆ ಕಣೇ ನಾಗು! ಪಾಯಸ ಮಾಡಿ ಎರಡು ವರ್ಷ ಆಯ್ತು!" ನಾಗು ತಲೆಯೆತ್ತಿ, "ಹಾಗಾದ್ರೆ ಆಕಾಶದಿಂದ ಬೀಳುತ್ತಾ ಪಾಯಸ?" ಎಂದಳು. ಅಲ್ಲಿಗೆ ಇಬ್ಬರ ಮಾತು ನಿಂತಿತು. ಏಳು ವರ್ಷ ಒಬ್ಬರ ಮನೆಯ ಡಿಕಾಕ್ಷನ್ನು ಇನ್ನೊಬ್ಬರ ಮನೆಗೆ ಹೋಗಿಬಂದ ಸ್ನೇಹ. ಸಂಪಿಗೆ ಸಸಿಗೆ ದಿನಾ ಅಕ್ಕಿ ತೊಳೆದ ನೀರು ತಂದು ಹಾಕಿದವರೇ ಪದ್ಮಕ್ಕ.

ಸ್ವಲ್ಪ ದಿನಕ್ಕೆ ಮರದ ಎಲೆಗಳ ಮೇಲೆ ಮಸಿ ಬಳಿದ ಹಾಗೆ ಕಪ್ಪು ಹತ್ತಿತು. ಶಿವರಾತ್ರಿಯ ದಿನ ನಂಜುಂಡಯ್ಯನವರು ಗಂಜಿ ಹಾಕಿದ ಬಿಳಿ ಪಂಚೆ ಉಟ್ಟು ದೇವಸ್ಥಾನಕ್ಕೆ ಹೊರಟವರು ಮರದಡಿ ದಾಟುವಷ್ಟರಲ್ಲಿ ಪಂಚೆಯ ಮೇಲೆ ಅಂಟು, ಅಂಟಿನ ಮೇಲೆ ಮಸಿ. ಅವರು ತಲೆಯೆತ್ತಿ ನೋಡಿದರು. ನಾವೂ ನೋಡಿದೆವು. ಹನಿ ಬೀಳುತ್ತಿದ್ದದ್ದು ಎಲೆಯಿಂದ. ಪದ್ಮಕ್ಕ ನಿರ್ದೋಷಿ ಎಂದು ಆ ಕ್ಷಣವೇ ಎಲ್ಲರಿಗೂ ತಿಳಿಯಿತು, ಆದರೆ ಮಹಡಿಯ ಹದಿನಾಲ್ಕು ಮೆಟ್ಟಿಲು ಹತ್ತಿ ಹಾಗೆಂದು ಹೇಳುವವರು ಯಾರು? ಅಷ್ಟರಲ್ಲಿ ಮಾಲೀಕರ ತೀರ್ಪೂ ಬಂತು. "ನೋಡಿ ರಾಯರೇ, ಯುಗಾದಿ ಹೊತ್ತಿಗೆ ಅಂಗಳ ಚೊಕ್ಕಟವಾಗಿರ್ಬೇಕು. ಇಲ್ದಿದ್ರೆ ಮರ ಕಡಿಸ್ತೀನಿ." ನಾಗು ಒಳಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಅವಳು ಕೂಗಾಡಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

ಎಲೆ ಮಗುಚಿ ನೋಡಿದೆ. ನಡುನರದ ಗುಂಟ ಎಳ್ಳಿನ ಗಾತ್ರದ ಕಂದು ಬೊಕ್ಕೆಗಳು ಸಾಲಾಗಿ ಕೂತಿದ್ದವು. ಕಾಲಿಲ್ಲ, ಕಣ್ಣಿಲ್ಲ, ಕದಲುವುದಿಲ್ಲ. ಮರಕ್ಕೇ ಏನೋ ಚರ್ಮರೋಗ ಎಂದುಕೊಂಡು ಉಗುರಿನಿಂದ ಒಂದನ್ನು ಎಬ್ಬಿಸಿದರೆ ಪಿಚಕ್ಕೆಂದು ರಸ ಬಂತು. ಓಹೋ, ಜೀವ ಇದೆ! ಮುಂದಿನ ಭಾನುವಾರದಿಂದ ಯುದ್ಧ. ಬಕೆಟ್ಟಿನಲ್ಲಿ ಬಟ್ಟೆ ಸೋಪಿನ ನೀರು, ಕೈಯಲ್ಲಿ ಬ್ರಷ್ಷು. ಒಂದೆಲೆ ಉಜ್ಜಿ ಮುಗಿಸುವಷ್ಟರಲ್ಲಿ ಮೇಲೆ ಇನ್ನೂ ಎಷ್ಟೋ ಸಾವಿರ ಎಲೆ ಕಾಯುತ್ತಿದ್ದವು. ಆಗ ಕಣ್ಣಿಗೆ ಬಿದ್ದವು, ಅಲ್ಲೊಂದು ಇಲ್ಲೊಂದು, ಮೈತುಂಬ ಬಿಳಿ ಹತ್ತಿಯ ಕುಚ್ಚು ಹೊತ್ತು ಬೊಕ್ಕೆಗಳ ನಡುವೆ ತಿರುಗಾಡುವ ದೊಡ್ಡ ಹುಳುಗಳು. ನಾನು ಸರ್ಕಾರಿ ನೌಕರ. ಕೂತಲ್ಲೇ ಕೂತವರು ಗುಮಾಸ್ತರು, ತಿರುಗಾಡುವವರು ಅಧಿಕಾರಿಗಳು ಎಂದು ನನ್ನ ಲೆಕ್ಕ. ಅಧಿಕಾರಿಗಳನ್ನು ಮುಗಿಸಿದರೆ ಕಚೇರಿ ತಾನೇ ಮುಚ್ಚುತ್ತದೆ ಎಂದು ಆ ಬಿಳಿಯರನ್ನು ಹುಡುಕಿ ಹುಡುಕಿ ಉಜ್ಜಿದೆ. ಸುಳ್ಳೇಕೆ ಹೇಳಲಿ, ಖುಷಿಯಾಗಿತ್ತು.

ಎರಡು ಭಾನುವಾರವಾದರೂ ಅಂಟು ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು. ಯಾರಿಗಾದರೂ ತೋರಿಸೋಣವೆಂದು ಒಂದೆಲೆಯನ್ನು ಪೋಸ್ಟಾಫೀಸಿಗೆ ಒಯ್ದು ಮೇಜಿನ ಮೇಲಿಟ್ಟುಕೊಂಡಿದ್ದೆ. ನಾನು ಟಪ್ಪಾಲು ಚೀಲದ ಬಾಯಿ ಕಟ್ಟಿ, ಅರಗಿನ ಕಡ್ಡಿಯನ್ನು ದೀಪಕ್ಕೆ ಹಿಡಿದು, ಗಂಟಿನ ಮೇಲೆ ಹನಿಸಿ ಮೊಹರು ಒತ್ತುತ್ತಿರುವಾಗ ಕೌಂಟರಿನಾಚೆ ಮುನಿಯಪ್ಪನವರು ನಿಂತಿದ್ದರು. ಸರ್ಕಾರಿ ತೋಟವೊಂದರಲ್ಲಿ ಮಾಲಿಯಾಗಿದ್ದು ನಿವೃತ್ತರಾದವರು, ಹನುಮಂತನಗರದ ವಾಸ, ಗೆಳೆಯರಿಗೆ ಹೂವಿನ ಬೀಜ ರಿಜಿಸ್ಟರ್ ಮಾಡಿ ಕಳಿಸಲು ಆಗಾಗ ಬರುತ್ತಿದ್ದರು. ಎಲೆ ನೋಡಿದವರೇ, "ಏನ್ ಸ್ವಾಮಿ, ಸಂಪಿಗೆಗೆ ಚಿಪ್ಪಿನ ಹುಳ ಹಿಡ್ದೈತಾ? ನಮ್ ಸಾಹೇಬ್ರು ಶಲ್ಕ ಕೀಟ ಅಂತ ಬರೀತಿದ್ರು" ಎಂದರು. ಆಮೇಲೆ ನನ್ನ ಕೈಯಲ್ಲಿದ್ದ ಅರಗಿನ ಕಡ್ಡಿಯತ್ತ ಗದ್ದ ತೋರಿಸಿ, "ಅದನ್ನ ಮಾಡ್ದೋರು ಯಾರು ಗೊತ್ತಾ? ಈ ಎಲೆ ಮೇಲವ್ರಲ್ಲ, ಇವ್ರ ದೊಡ್ಡಪ್ಪನ ಮಕ್ಕಳು. ಕಾಡಲ್ಲಿ ಕೊಂಬೆ ಮೇಲೆ ಕೂತು, ಮೈಯಿಂದ ಅಂಟು ಸುರಿಸಿ ಮನೆ ಕಟ್ಕೋತಾವೆ. ಅದೇ ಅರಗು" ಎಂದರು.

ಕಡ್ಡಿಯಿಂದ ಒಂದು ಹನಿ ಬೆರಳ ಮೇಲೆ ಬಿತ್ತು, ಉರಿದದ್ದೂ ತಿಳಿಯಲಿಲ್ಲ. ಹದಿನೆಂಟು ವರ್ಷ ಈ ಅರಗನ್ನು ಕರಗಿಸಿ ಅನ್ನ ಉಂಡಿದ್ದೇನೆ. ಯಾವ ಊರಿನ ಯಾವ ಗುಟ್ಟು, ಯಾವ ಮನೆಯ ತಾಳಿಸರ, ಯಾವ ಕೋರ್ಟಿನ ಕಾಗದ, ಎಲ್ಲವನ್ನೂ ಕಾಯ್ದದ್ದು ನನ್ನ ಮೊಹರು ಎಂದು ಬೀಗಿದ್ದೇನೆ. ಕಾಯ್ದದ್ದು ಒಂದು ಹುಳುವಿನ ಮನೆಯ ಗೋಡೆ! ವಾರದಲ್ಲಿ ಆರು ದಿನ ಅವರ ಬಳಗದ ದುಡಿಮೆಯ ಮೇಲೆ ಬದುಕಿ, ಏಳನೆಯ ದಿನ ಏಣಿ ಹತ್ತಿ ಅವರನ್ನು ಉಜ್ಜುತ್ತಿದ್ದೆ.

ಭಾನುವಾರ ಮುನಿಯಪ್ಪನವರು ಮನೆಗೆ ಬಂದರು. ನಾನು ಬಕೆಟ್ಟಿನಲ್ಲಿ ತೇಲುತ್ತಿದ್ದ ಬಿಳಿ ಹೆಣಗಳನ್ನು ಹೆಮ್ಮೆಯಿಂದ ತೋರಿಸಿದೆ. ಅವರು ಹಣೆ ಹಣೆ ಬಡಿದುಕೊಂಡರು. "ಅಯ್ಯಯ್ಯೋ ಸ್ವಾಮಿ! ಕಳ್ಳರನ್ನ ಬಿಟ್ಟು ಪೊಲೀಸ್ನೋರನ್ನೇ ಹೊಡೆದಾಕಿದೀರಲ್ಲ! ಇವು ಗುಲಗಂಜಿ ಹುಳದ ಮರಿಗಳು. ಚಿಪ್ಪಿನ ಹುಳಾನ ತಿನ್ನೋಕೇ ಬಂದಿದ್ವು." ಏಣಿ ಹಿಡಿದಿದ್ದ ನಾಗು ನನ್ನತ್ತ ನೋಡಿದಳು. ಆ ನೋಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಸಂಸಾರಸ್ಥರಿಗೆ ಅರ್ಥವಾಗುತ್ತದೆ.

ಎಲೆಯ ರಸ ಹೀರಿ ಸಿಹಿ ಅಂಟು ಸುರಿಸುತ್ತಿದ್ದವರು ಆ ಚಿಪ್ಪಿನ ಕಳ್ಳರೇ, ಮಸಿಯೂ ಆ ಅಂಟಿನ ಮೇಲೆ ಬೆಳೆದ ಬೂಷ್ಟಂತೆ. ಈ ಕಳ್ಳರಿಗೆ ಕಾವಲುಗಾರರೂ ಇದ್ದರು. ಅಂಟಿನ ಆಸೆಗೆ ಮರ ಹತ್ತುವ ಇರುವೆಗಳು ಚಿಪ್ಪಿನ ಹುಳುಗಳನ್ನು ಹಸು ಸಾಕಿದ ಹಾಗೆ ಸಾಕಿ, ಗುಲಗಂಜಿ ಹುಳು ಬಂದರೆ ಅಟ್ಟಿಬಿಡುತ್ತವಂತೆ. "ಇರುವೆ ದಾರಿ ಮುಚ್ಚಿ, ಎಲೆಗೆ ಬರೀ ನೀರು ಹೊಡೀರಿ, ಬ್ರಷ್ಷು ಬಚ್ಚಲಿಗೆ ಎಸೀರಿ. ಆಮೇಲೆ ಕೈಕಟ್ಕೊಂಡು ಕೂತ್ಕೊಳಿ" ಎಂದರು ಮುನಿಯಪ್ಪನವರು. ಕಾಂಡಕ್ಕೆ ಹಳೆ ಬಟ್ಟೆ ಸುತ್ತಿ ಗ್ರೀಸು ಬಳಿದೆವು. ಆದರೆ ಒಂದು ಕೊಂಬೆ ಪದ್ಮಕ್ಕನ ಬಾಲ್ಕನಿಗೆ ಒರಗಿತ್ತು, ಇರುವೆಗಳಿಗೆ ಅದೇ ಹಿಂಬಾಗಿಲು. ಅದನ್ನು ಹಗ್ಗ ಕಟ್ಟಿ ಗೋಡೆಯಿಂದ ದೂರ ಎಳೆಯಬೇಕು. ಹದಿನಾಲ್ಕು ಮೆಟ್ಟಿಲು ನಾನೇ ಹತ್ತಿದೆ.

"ಕಟ್ಕೊಳಿ" ಎಂದರು ಪದ್ಮಕ್ಕ. "ಏಳು ವರ್ಷ ಅಕ್ಕಿ ತೊಳೆದ ನೀರು ಹಾಕಿದೀನಿ. ಅದನ್ನ ಕಡಿಯೋದು ನೋಡ್ಕೊಂಡು ಕೂತಿರ್ಲಾ?" ನಾನು ಹಗ್ಗ ಬಿಗಿದು ಇಳಿಯುವಾಗ ಹಿಂದಿನಿಂದ ಮತ್ತೊಂದು ಮಾತು ಬಂತು. "ನಿಮ್ಮನೆಯವಳಿಗೆ ಕಾಲು ನೋವಾ, ಮೆಟ್ಟಿಲು ಹತ್ತೋಕೆ?" ಕೆಳಗೆ ಬಂದು ಅದನ್ನು ಹಾಗೇ ಹೇಳಿದೆ. ನಾಗು ಗ್ರೀಸು ಹತ್ತಿದ ಕೈ ತೊಳೆಯಲು ನಲ್ಲಿಗೆ ಹೋದಳು.

ಮುನಿಯಪ್ಪನವರು ತಮ್ಮ ಹಿತ್ತಲಿನಿಂದ ಇಪ್ಪತ್ತು ಮೂವತ್ತು ಗುಲಗಂಜಿ ಹುಳುಗಳನ್ನು ಹಿಡಿದುಕೊಟ್ಟರು. ನನ್ನ ಊಟದ ಡಬ್ಬಿಯಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ತಂದೆ. ಕೆಂಪು ಮೈ, ಕರೀ ಚುಕ್ಕೆ, ಎಲ್ಲ ಮರ ಸೇರಿದವು. ಇನ್ನು ಕಾಯುವುದೊಂದೇ. ಉಜ್ಜುವುದು ಸುಲಭ, ಕೈಕಟ್ಟಿ ಕೂರುವುದು ಎಂಥ ಕಷ್ಟ ಎಂದು ಆಗ ಗೊತ್ತಾಯಿತು. ಅವುಗಳ ಬಿಳಿ ಮರಿಗಳು ಹುಟ್ಟಿ ಎಲೆ ತುಂಬ ಹರಡಿಕೊಳ್ಳುವುದರೊಳಗೆ ಯುಗಾದಿ ಬಂದೇಬಿಟ್ಟಿತು. ಅಂಟು ಅರ್ಧ ಮಾತ್ರ ಇಳಿದಿತ್ತು.

ಹಬ್ಬದ ಬೆಳಗ್ಗೆ ನಂಜುಂಡಯ್ಯನವರು ಜಗಲಿಯಲ್ಲಿ ಕೂತು ಭೂತಗನ್ನಡಿ ಹಿಡಿದು ಹೊಸ ಪಂಚಾಂಗ ನೋಡುತ್ತಿದ್ದರು. ಕಣ್ಣು ಮಂಜಾದ ಮೇಲೆ ಆ ಕನ್ನಡಿಯೇ ಅವರಿಗೆ ಆಧಾರ. ಎಲೆ ಹಿಡಿದು ಹೋದೆ. ಬೇಡಿಕೊಳ್ಳಲು ಮಾತು ಜೋಡಿಸಿಕೊಂಡಿದ್ದೆ, ಯಾವುದೂ ನೆನಪಾಗಲಿಲ್ಲ. "ಸಾರ್, ಒಂದ್ನಿಮಿಷ ಇದನ್ನ ನೋಡ್ತೀರಾ?" ಎಂದೆ. ಒಂದು ಚಿಪ್ಪನ್ನು ಗುಂಡುಸೂಜಿಯಿಂದ ಮೆಲ್ಲಗೆ ಎಬ್ಬಿಸಿದೆ.

ಅವರು ಕನ್ನಡಿ ಹಿಡಿದರು, ನಾನೂ ಪಕ್ಕದಿಂದ ಬಗ್ಗಿದೆ. ಚಿಪ್ಪಿನಡಿ ರವೆಯಂಥ ನೂರಾರು ಮೊಟ್ಟೆ. ಕೆಲವು ಒಡೆದಿದ್ದವು, ಚುಕ್ಕೆಯಷ್ಟಿದ್ದ ಮರಿಗಳು ಆರಾರು ಕಾಲು ಹಾಕಿಕೊಂಡು ಲೋಕ ನೋಡಲು ಹೊರಟಿದ್ದವು. ಹುಟ್ಟಿದ ಹೊಸದರಲ್ಲಿ ಮಾತ್ರ ಈ ಓಡಾಟ, ಒಂದು ಜಾಗ ಹಿಡಿದು ಎಲೆಗೆ ಬಾಯಿಟ್ಟರೆ ಹೆಣ್ಣು ಮತ್ತೆ ಅಲ್ಲಾಡುವುದಿಲ್ಲ ಎಂದು ಮುನಿಯಪ್ಪನವರು ಹೇಳಿದ್ದರು.

"ಇದರ ತಾಯಿ ಎಲ್ರೀ?" ಎಂದರು ನಂಜುಂಡಯ್ಯನವರು.

"ಇದೇ ಸಾರ್ ತಾಯಿ. ಈ ಚಾವಣಿ. ಮೊಟ್ಟೆಯಿಟ್ಟು ಸತ್ತುಹೋಗುತ್ತಂತೆ. ಮೈ ಮಾತ್ರ ಮಕ್ಕಳ ಮೇಲೆ ಹಾಗೇ ಇರುತ್ತಂತೆ."

ಅವರು ಬಹಳ ಹೊತ್ತು ಕನ್ನಡಿ ಕೆಳಗಿಡಲಿಲ್ಲ. ಆ ವಠಾರದ ಆರು ಸಂಸಾರದಲ್ಲಿ ಸ್ವಂತ ಮನೆಯ ಕನಸು ಕಾಣದವರು ಒಬ್ಬರಿಲ್ಲ, ಕಟ್ಟಿದವರೂ ಒಬ್ಬರಿಲ್ಲ. ಈ ಎಳ್ಳಿನಷ್ಟು ಜೀವ ಇಟ್ಟಿಗೆ ಇಲ್ಲದೆ, ಗಾರೆ ಇಲ್ಲದೆ, ತನ್ನ ಮೈಯನ್ನೇ ಮನೆ ಮಾಡಿ ಮಕ್ಕಳಿಗೆ ಬಿಟ್ಟುಹೋಗಿದೆ. ಇದನ್ನು ನಾನು ಚರ್ಮರೋಗ ಎಂದುಕೊಂಡಿದ್ದೆ. ಅಷ್ಟರಲ್ಲಿ ಎಲೆಯಂಚಿನಿಂದ ಒಂದು ಬಿಳಿ ಕುಚ್ಚಿನ ಮರಿ ಬಂದು ಪಕ್ಕದ ಚಿಪ್ಪಿಗೆ ಬಾಯಿ ಹಾಕಿತು. "ಅಯ್ಯೋ ಪಾಪ!" ಎಂದರು ಮಾಲೀಕರು. ಅದು ತಿಂದರೆ ನಮ್ಮ ಮರ ಉಳಿಯುತ್ತದೆ ಎಂದು ಗೊತ್ತಿದ್ದೂ ನನ್ನ ಬಾಯಿಂದಲೂ ಅದೇ ಮಾತು ಬಂತು.

"ರಾಮನವಮಿವರೆಗೂ ಇರ್ಲಿ ಬಿಡಿ" ಎಂದು ಎಲೆಯನ್ನು ಪಂಚಾಂಗದೊಳಗೆ ಇಟ್ಟುಕೊಂಡರು.

ಯುಗಾದಿಗೂ ರಾಮನವಮಿಗೂ ನಡುವೆ ಎಂಟೇ ದಿನ. ಆ ಎಂಟು ದಿನ ನಾಗು ದಿನಾ ಬೆಳಗ್ಗೆ ಎದ್ದು ಕಲ್ಲಿನ ಮೇಲೆ ಅಂಗೈ ಒತ್ತಿ ನೋಡುತ್ತಿದ್ದಳು. ಐದನೆಯ ದಿನ ಅಂಗೈಗೆ ಏನೂ ಅಂಟಲಿಲ್ಲ. ನನಗೆ ತೋರಿಸಿದಳು, ಬರಿಯ ಅಂಗೈ. ಅಷ್ಟು ಚಂದದ ಅಂಗೈಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ರಾಮನವಮಿಯ ಬೆಳಗ್ಗೆ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತ ನಾಗು ಅಂಗಳದಲ್ಲಿ ಕೂತಿದ್ದಳು. ಮುಂದಿನ ಮನೆಯಿಂದ ನಂಜುಂಡಯ್ಯನವರ ದನಿ ಕೇಳಿತು. "ಯಾರ್ರೀ ಅದು, ಸಂಪಿಗೆ ಹೂ ತಂದಿರೋದು?"

ಯಾರೂ ತಂದಿರಲಿಲ್ಲ. ಐದೂ ಮನೆಯಿಂದ ಜನ ಹೊರಗೆ ಬಂದು ತಲೆಯೆತ್ತಿದರು. ಪರಿಮಳ ಅಂಗಳ ತುಂಬಿತ್ತು, ಹೂವು ಮಾತ್ರ ಕೆಳಗಿನ ಯಾರ ಕಣ್ಣಿಗೂ ಬೀಳದು. ಕಾಣಿಸಿದ್ದು ಪದ್ಮಕ್ಕ ಒಬ್ಬರಿಗೇ. ಬಾಲ್ಕನಿಯಲ್ಲಿ ನಿಂತು, ನಾನು ಕಟ್ಟಿದ್ದ ಹಗ್ಗ ಬಿಚ್ಚಿ, ಆ ಕೊಂಬೆಯನ್ನು ತಮ್ಮತ್ತ ಎಳೆದುಕೊಂಡರು. "ಏ ನಾಗು" ಎಂದರು, ಮೂರು ತಿಂಗಳ ಮೇಲೆ ಮೊದಲ ಬಾರಿಗೆ. "ಸೆರಗು ಹಿಡಿಯೇ. ಮೇಲಿಂದ ಚೆಲ್ತಾ ಇದೀನಿ."

ನಾಗು ಎದ್ದು ಸೆರಗು ಹಿಡಿದಳು. ಹೂ ಬಿತ್ತು, ಕಣ್ಣೀರೂ ಬಿತ್ತು. ಸೌತೆಕಾಯಿ ಅಲ್ಲೇ ಬಿಟ್ಟು ಹದಿನಾಲ್ಕು ಮೆಟ್ಟಿಲನ್ನೂ ಓಡಿಯೇ ಹತ್ತಿದಳು. ಮೇಲೆ ಏನು ಮಾತಾಯಿತೋ ನನಗೆ ತಿಳಿಯದು. ಇಳಿದು ಬಂದಾಗ ಹೂ ಅವಳ ತಲೆಯಲ್ಲಿರಲಿಲ್ಲ. ಮೇಲೆ ನೋಡಿದರೆ ಪದ್ಮಕ್ಕನ ತುರುಬಿನಲ್ಲಿತ್ತು.

ಸಂಜೆ ಕೊಂಬೆಗೆ ಮತ್ತೆ ಹಗ್ಗ ಬಿಗಿಯಲು ಹೋದಾಗ ಒಂದು ಎಲೆಯಡಿ ಎರಡು ಚಿಪ್ಪು ಕಂಡಿತು. ಅಭ್ಯಾಸಬಲ, ಉಗುರು ಮುಂದೆ ಹೋಯಿತು. ಪೂರಾ ತೆಗೆಯಬೇಡಿ, ಕೆಲಸವಿಲ್ಲದಿದ್ದರೆ ಪೊಲೀಸರು ಊರು ಬಿಟ್ಟು ಹೋಗುತ್ತಾರೆ ಎಂದು ಮುನಿಯಪ್ಪನವರು ಹೇಳಿದ್ದು ನೆನಪಾಗುವ ಮೊದಲೇ ಕೆಳಗಿನಿಂದ ನಾಗು ಕೂಗಿದಳು.

"ಇರ್ಲಿ ಬಿಡ್ರೀ. ಅವರಾದ್ರೂ ಸ್ವಂತ ಮನೇಲಿದಾರೆ."