ಅಕ್ಕ ಕಲಿಸಿದ ಪ್ರಾರ್ಥನೆ

ನಮ್ಮ ಮನೆಯಲ್ಲಿ ಪ್ರತಿ ಸಂಜೆ ಏಳಕ್ಕೆ ಪ್ರಾರ್ಥನೆ. ಅಪ್ಪ ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ರೇಷ್ಮೆ ನೂಲು ಹುರಿ ಮಾಡುವ ಶೆಡ್ಡೊಂದರಲ್ಲಿ ಮೇಸ್ತ್ರಿ. ಮಿಷನ್ನುಗಳ ಸದ್ದಿನ ನಡುವೆ ದಿನವಿಡೀ ಕೂಗಿ ಮಾತಾಡುತ್ತಿದ್ದವರು ಚಾಪೆ ಹಾಸಿದ ಮೇಲೆ ಮಾತ್ರ ದನಿ ತಗ್ಗಿಸುತ್ತಿದ್ದರು. ಒಂದು ಹಾಡು, ಬೈಬಲಿನಿಂದ ವೇದಪಾಠ, ಆಮೇಲೆ ಪ್ರಾರ್ಥನೆ. ನನಗೆ ಹತ್ತು ತುಂಬಿದಾಗ ಆ ಕೊನೆಯ ಕೆಲಸ ನನ್ನ ಪಾಲಿಗೆ ಬಂತು. ‘ಗಂಡುಮಗ ಅಂದ್ರೆ ಮನೆಯ ಯಾಜಕ ಕಣಪ್ಪಾ’ ಎಂದರು ಅಪ್ಪ. ನನಗಿಂತ ಏಳು ವರ್ಷ ದೊಡ್ಡವಳಾದ ಅಕ್ಕ ತಲೆಯ ಮೇಲೆ ದುಪ್ಪಟ್ಟಾ ಹೊದ್ದು, ಕೊನೆಯಲ್ಲಿ ‘ಆಮೆನ್’ ಅಂದರೆ ಸಾಕಿತ್ತು.

ಅಪ್ಪ ಕೆಟ್ಟವರಲ್ಲ. ಅಕ್ಕನ ಮೇಲೆ ಒಮ್ಮೆಯೂ ಕೈ ಎತ್ತಿದವರಲ್ಲ. ಬೆಲ್ಟಿನ ಏಟು ನನಗೆ ಮಾತ್ರ. ಮಗನನ್ನು ತಿದ್ದಬೇಕು, ಮಗಳನ್ನು ಕಾಪಾಡಬೇಕು ಎಂದು ಭಾನುವಾರಗಳಲ್ಲಿ ಚರ್ಚಿನಲ್ಲಿ ಕೇಳಿ ನಂಬಿದ್ದರು. ಅದನ್ನೇ ಪ್ರೀತಿ ಅಂದುಕೊಂಡಿದ್ದರು. ಪ್ರೀತಿಯೇ ಇರಬೇಕು.

ನನಗೆ ಪ್ರಾರ್ಥನೆ ಮಾಡಲು ಬರುತ್ತಿರಲಿಲ್ಲ. ಮೊದಲ ವಾರ ಬಾಯಿಗೆ ಬಂದದ್ದನ್ನೆಲ್ಲ ಬೇಡಿಕೊಂಡೆ. ‘ಏನೋ ಯಾಜಕ, ಪಕ್ಕದ್ಮನೆ ಕೋಳೀನೂ ಪರಲೋಕಕ್ಕೆ ಕಳಿಸ್ಬಿಟ್ಯಲ್ಲ!’ ಎಂದು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅವಳೇ ಕಲಿಸಿದಳು. ‘ಮೊದ್ಲು ಸ್ತೋತ್ರ, ಆಮೇಲೆ ಕ್ಷಮೆ, ಆಮೇಲೆ ಬೇಡಿಕೆ. ಬೇಡಿಕೆ ಒಂದೇ ಇರ್ಲಿ, ದೇವ್ರ ತಲೆ ತಿನ್ಬೇಡ.’ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆದುಕೊಡುತ್ತಿದ್ದಳು, ನಾನು ಬಾಯಿಪಾಠ ಮಾಡುತ್ತಿದ್ದೆ. ಮನೆಗೆ ಬಂದಾಗ ನನ್ನ ಪ್ರಾರ್ಥನೆ ಕೇಳಿದ ಚರ್ಚಿನ ಹಿರಿಯರು ನನ್ನ ಬೆನ್ನು ತಟ್ಟಿದರು. ಅವರು ಮೆಚ್ಚಿದ್ದು ಅಕ್ಕನ ಮಾತುಗಳನ್ನು ಎಂದು ನಾನು ಯಾರಿಗೂ ಹೇಳಲಿಲ್ಲ.

ಮರುವರ್ಷ ಅಕ್ಕನಿಗೆ ಬೆಂಗಳೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿತು. ಹಾಸ್ಟೆಲ್ಲಿನಲ್ಲಿರಬೇಕು, ಸೋಮವಾರದೊಳಗೆ ಸೇರಬೇಕು. ಅಪ್ಪ ಬೇಡ ಅನ್ನಲಿಲ್ಲ. ‘ದೇವರ ಚಿತ್ತ ಏನೋ ನೋಡೋಣ. ಸಂಜೆ ಮಗು ಪ್ರಾರ್ಥನೆ ಮಾಡ್ಲಿ’ ಅಂದರು.

ಮಧ್ಯಾಹ್ನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಕ್ಕ ನನ್ನನ್ನು ಕೂರಿಸಿಕೊಂಡಳು.

‘ಅಕ್ಕ ಓದಕ್ಕೆ ದಾರಿ ತೆರೆಯಪ್ಪಾ ಅಂತ ಕೇಳು. ಅಷ್ಟೇ. ಬೇರೆ ಏನೂ ಸೇರಿಸ್ಬೇಡ.’

‘ನೀನೇ ಕೇಳು.’

‘ನಾನು ಕೇಳಿದ್ರೆ ಆಸೆ ಅಂತಾರೆ ಕಣೋ. ನೀನು ಕೇಳಿದ್ರೆ ಪ್ರಾರ್ಥನೆ.’

ಸಂಜೆ ಸ್ತೋತ್ರ ಹೇಳಿದೆ, ಕ್ಷಮೆ ಕೇಳಿದೆ. ಆಮೇಲೆ ನನ್ನ ಬಾಯಿಂದ ಬಂದದ್ದು, ‘ತಂದೆಯೇ, ಅಕ್ಕನನ್ನು ನಮ್ಮ ಹತ್ತಿರವೇ ಇಟ್ಟುಕೊಳ್ಳಲು ಸಹಾಯ ಮಾಡು.’

ಅಪ್ಪ ಕಣ್ಣು ತೆರೆದರು. ‘ಮಗು ಬಾಯಲ್ಲಿ ದೇವ್ರೇ ಮಾತಾಡಿದಾನೆ’ ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ಸೋಮವಾರ ಕಳೆಯಿತು. ಎರಡು ವರ್ಷಕ್ಕೆ ಅಕ್ಕ ಮದುವೆಯಾಗಿ ಹೊಸಕೋಟೆಗೆ ಹೋದಳು. ಮುಂದೆ ಬೆಂಗಳೂರಿನ ಹಾಸ್ಟೆಲ್ಲಿಗೆ ಹೋದವನು ನಾನು. ಆಗ ಯಾರೂ ದೇವರ ಚಿತ್ತ ಕೇಳಲಿಲ್ಲ.

ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಇತಿಹಾಸ. ಸಾಕ್ಷಿಯನ್ನು ಸುಲಭಕ್ಕೆ ನಂಬಬಾರದೆಂದು ಅಲ್ಲಿ ಕಲಿತೆ. ನನ್ನನ್ನೇ ನಂಬುವುದು ಬಿಟ್ಟೆ. ಆ ಸಂಜೆ ಅಕ್ಕ ಹೇಳಿಕೊಟ್ಟದ್ದನ್ನು ಹೆದರಿ ಮರೆತೆನೋ? ಅಥವಾ ಅವಳು ಹೋದರೆ ನನ್ನ ಶಾಲೆಯ ಲೆಕ್ಕ ಮಾಡಿಕೊಡುವವರು ಯಾರು ಎಂದು ಬೇಕಂತಲೇ ಬದಲಿಸಿದೆನೋ? ಅವತ್ತು ಟ್ಯೂಬ್‌ಲೈಟು ಮಿಣುಕುತ್ತಿತ್ತು ಎಂಬುದು ನನಗೆ ಸ್ಪಷ್ಟವಾಗಿ ನೆನಪಿದೆ. ಆ ಮನೆಯಲ್ಲಿ ಟ್ಯೂಬ್‌ಲೈಟೇ ಇರಲಿಲ್ಲ, ಬರೀ ಬಲ್ಬು ಅನ್ನುತ್ತಾಳೆ ಅಮ್ಮ. ಹಾಗಾದರೆ ಇನ್ನೇನೇನು ನಾನೇ ಸೇರಿಸಿದ್ದೇನೋ.

ಅಪ್ಪ ತೀರಿಕೊಂಡು ಮೊನ್ನೆಗೆ ಒಂದು ವರ್ಷ. ಸ್ಮರಣೆಗೆ ಅಮ್ಮ, ಅಕ್ಕ, ಭಾವ, ನಾನು ವಿಜಯಪುರದಲ್ಲೇ ಸೇರಿದ್ದೆವು. ಊಟಕ್ಕೆ ಮುಂಚೆ ಭಾವ ನನ್ನ ಕಡೆ ನೋಡಿ, ‘ಮನೆಮಗ ನೀನು, ಪ್ರಾರ್ಥನೆ ಮಾಡಪ್ಪ’ ಅಂದರು. ನಾನು ಚರ್ಚಿಗೆ ಹೋಗುವುದು ಬಿಟ್ಟು ಎಷ್ಟೋ ಕಾಲವಾಗಿದೆ. ‘ಅಕ್ಕ ಮಾಡ್ಲಿ’ ಅಂದೆ.

‘ಲೋ, ಸುಮ್ನಿರೋ’ ಎಂದು ಅಕ್ಕ ನಕ್ಕಳು.

‘ಮಾಡೇ’ ಅಂದಳು ಅಮ್ಮ.

ಅಕ್ಕ ಸೆರಗು ಹೊದ್ದು ಕಣ್ಣು ಮುಚ್ಚಿದಳು. ‘ತಂದೆಯೇ’ ಅಂದಳು. ನಾವು ಕಾದೆವು. ತುಟಿ ಅಲುಗಿತು, ದನಿ ಬರಲಿಲ್ಲ. ಒಂದು ವರ್ಷದ ಪ್ರಾರ್ಥನೆಗಳನ್ನೆಲ್ಲ ಬರೆದುಕೊಟ್ಟವಳು. ಸಾರು ಆರುತ್ತಿತ್ತು. ಕೊನೆಗೆ ಅವಳು ಮೆಲ್ಲಗೆ ‘ಆಮೆನ್’ ಅಂದಳು. ನಾವೂ ಅಂದೆವು.

ಊಟವಾದ ಮೇಲೆ ಹಿತ್ತಲ ನಲ್ಲಿಯ ಹತ್ತಿರ ಅವಳು ತಟ್ಟೆ ತೊಳೆಯುತ್ತಿದ್ದಳು. ಇಷ್ಟು ವರ್ಷ ಕೇಳಲಾಗದ್ದನ್ನು ಕೇಳಿದೆ.

‘ಅವತ್ತು ನಾನು ಬೇಕಂತಲೇ ಹಂಗಂದ್ನಾ ಅಕ್ಕ?’

‘ನಿಂಗೇ ಗೊತ್ತಿಲ್ಲ, ನಂಗೇನು ಗೊತ್ತು? ಬಿಡೋ, ಹನ್ನೊಂದು ವರ್ಷದ ಹುಡ್ಗ ನೀನು.’ ಎರಡು ತಟ್ಟೆ ಉಜ್ಜಿದಳು. ಆಮೇಲೆ ನಲ್ಲಿ ನಿಲ್ಲಿಸಿದಳು. ‘ಅಪ್ಪ ನನ್ನನ್ನೇ ಕೇಳ್ಬೋದಿತ್ತು ಕಣೋ. ನಾನೂ ಅಲ್ಲೇ ಕೂತಿದ್ನಲ್ಲ.’

ವಾಪಸು ಬರುವ ಬಸ್ಸಿನಲ್ಲಿ ದೇವನಹಳ್ಳಿ ದಾಟುವವರೆಗೂ ಆ ಸಂಜೆಯ ಚಾಪೆಯನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹಾಸಿದೆ. ಗೋಡೆಗೆ ಒರಗಿದ ಅಪ್ಪ, ಅವರ ಎಡಕ್ಕೆ ಅಮ್ಮ, ನಡುವೆ ಮಂಡಿಯೂರಿದ ನಾನು. ಅಕ್ಕ ಎಲ್ಲಿ ಕೂತಿದ್ದಳು ಎಂಬುದು ನೆನಪಾಗಲಿಲ್ಲ. ಈಗಲೂ ಆಗುತ್ತಿಲ್ಲ.